ಎಡಚನ ಜೇಬು

ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಅಕ್ಕ, ತಮ್ಮ ಕೂತಿದ್ದರು. ಅಕ್ಕ ಪತ್ರಕರ್ತೆ ಎಂದು ಮಾತಿನಿಂದಲೇ ತಿಳಿಯುತ್ತಿತ್ತು. ತಮ್ಮ ಎಡಗೈಯನ್ನು ಪ್ಯಾಂಟಿನ ಜೇಬಿನಿಂದ ಹೊರಗೇ ತೆಗೆದಿರಲಿಲ್ಲ.

“ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ. ಕೈ ಹೊರಗೆ ತೆಗಿಯೋ.”

“ನಿನಗೇನಕ್ಕ! ರೈಲ್ವೆ ಸ್ಟೇಷನ್ನಲ್ಲಿ ಬಾಂಬ್ ಇಟ್ಟವನು ಎಡಚ ಅಂತ ಪೊಲೀಸರು ಹೇಳಿದಾಗಿಂದ ಆಫೀಸಲ್ಲಿ ಎಲ್ಲರೂ ನನ್ನ ಕೈಯನ್ನೇ ನೋಡ್ತಾರೆ.”

“ಅವನು ಎಡಚ ಅಲ್ಲ ಕಣೋ. ನಾಳೆ ನನ್ನ ವರದಿ ಬರುತ್ತೆ, ನೋಡ್ತಿರು.”

“ಪೊಲೀಸರು ತೋರಿಸಿದ ವಿಡಿಯೋದಲ್ಲಿ ಎಡಗೈಯಲ್ಲೇ ಬ್ಯಾಗ್ ಇಡ್ತಾನಲ್ಲ? ಮುಖ ಕಾಣದಿದ್ರೂ ಕೈ ಕಾಣುತ್ತೆ.”

“ಎಲ್ಲರೂ ಕೈ ನೋಡಿದ್ರು, ನಾನು ಅಂಗಿ ನೋಡಿದೆ. ನಿನ್ನ ಅಂಗಿ ಜೇಬು ಯಾವ ಕಡೆ ಇದೆ?”

“ಎಡಕ್ಕೆ. ಎಲ್ಲರದ್ದೂ ಎಡಕ್ಕೇ.”

“ವಿಡಿಯೋದಲ್ಲಿ ಅವನದ್ದು ಬಲಕ್ಕಿದೆ. ಅದು ಯಾರೋ ಹುಡುಗಿ ಮಾಡ್ತಿದ್ದ ಸೆಲ್ಫಿ ವಿಡಿಯೋ, ಅವಳ ಬೆನ್ನ ಹಿಂದೆ ಇವನು ಕಾಣ್ತಾನೆ. ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ಅದಲುಬದಲಾಗಿದೆ. ಆ ಹುಡುಗಿನ ಹುಡುಕಿ ಫೋನನ್ನೇ ನೋಡಿ ಬಂದೆ.”

“ಹಾಗಾದ್ರೆ ಅವನು ಯಾರು?”

“ಇನ್ನೂ ಗೊತ್ತಿಲ್ಲ. ಆದ್ರೆ ಬಿಡಲ್ಲ. ಮೊದಲು ಊರಿನ ಎಡಚರನ್ನೆಲ್ಲ ಠಾಣೆಗೆ ಎಳೆದಾಡೋದು ನಿಲ್ಲಲಿ.”

“ಚಿಕ್ಕಂದಿನಲ್ಲಿ ಅಮ್ಮ ಈ ಕೈಗೆ ಹೊಡೆದಾಗ್ಲೂ ನೀನೇ ಅಡ್ಡ ಬರ್ತಿದ್ದೆ.”

“ಆಗ ಎರಡೇಟು ನನಗೂ ಬೀಳ್ತಿತ್ತು. ಏಳು, ನಮ್ಮ ಸ್ಟಾಪು.”

ತಮ್ಮ ಎದ್ದು ಗಂಟೆಯ ಹಗ್ಗದ ಕಡೆ ಬಲಗೈ ಚಾಚಿದ. ಆಮೇಲೆ ಅದನ್ನು ಇಳಿಸಿ, ಜೇಬಿನಿಂದ ಎಡಗೈ ತೆಗೆದು, ಬಸ್ಸೆಲ್ಲ ತಿರುಗಿ ನೋಡುವ ಹಾಗೆ ಎಳೆದ.

“ಮೆಲ್ಲಗೆ ಕಣೋ,” ಅಂದಳು ಅಕ್ಕ, ಇಳಿಯುತ್ತಾ. “ಹಗ್ಗ ಕಿತ್ಕೊಂಡು ಬಂದೀತು.”