ಜಂತಿಯ ಮೇಲಿನ ದಬ್ಬೆಗಳು

ಮಾನ್ಯ ಅಧ್ಯಕ್ಷರಾದ ಶಂಭುಲಿಂಗಪ್ಪನವರೇ, ಇಂದಿನ ಸನ್ಮಾನಿತರಾದ ಡಾಕ್ಟರ್ ಮೈಲಾರವ್ವನವರೇ, ದುಮ್ಮವಾಡದ ಹಿರಿಯರೇ, ತಾಯಂದಿರೇ, ಹಿಂದೆ ಕುಳಿತು ಗದ್ದಲ ಮಾಡುತ್ತಿರುವ ಸಭಿಕರೇ,

ನಾನು ಎಲುಬು ಕಟ್ಟುವ ಮಡಿವಾಳೆಪ್ಪ. ಮಾಸ್ತರು ನನಗೊಂದು ಭಾಷಣ ಬರೆದುಕೊಟ್ಟಿದ್ದಾರೆ. ‘ಫಿಜಿಯೋಥೆರಪಿಯಲ್ಲಿ ಡಾಕ್ಟರೇಟ್ ಪಡೆದ ನಮ್ಮೂರ ಮಗಳ ಮುರಿದ ಕೈಯನ್ನು ಮೊದಲು ಕಟ್ಟಿದವನು ನಾನೇ’ ಎಂದು ಅದು ಶುರುವಾಗುತ್ತದೆ. ಹದಿನೈದು ದಿನ ಬಾಯಿಪಾಠ ಮಾಡಿದ್ದೇನೆ. ಎಮ್ಮೆಗೂ ಹೇಳಿ ತೋರಿಸಿದೆ. ಪಾಪ, ಅದು ಎದ್ದು ಹೋಗಲಿಲ್ಲ. ಆದರೆ ಈಗಷ್ಟೇ ಅಧ್ಯಕ್ಷರು ಈಕೆಯ ಪ್ರಬಂಧದ ಸಾರ ಓದಿ ಹೇಳಿದರಲ್ಲ, ಆಗಲೇ ಆ ಹಾಳೆಯನ್ನು ಮಡಚಿ ಕಿಸೆಗೆ ಹಾಕಿದೆ.

ನಾನು ಕಟ್ಟಿದ ನೂರಾ ಹನ್ನೆರಡು ಕೈಕಾಲುಗಳಲ್ಲಿ ನಲವತ್ತೊಂದು ಇಂದಿಗೂ ಪೂರ್ತಿ ಮಡಚುವುದಿಲ್ಲವಂತೆ. ನಲವತ್ತೊಂದು! ಇದು ನಿಜವೇ? ನೀವೆಲ್ಲ ಯಾಕೆ ತಲೆ ತಗ್ಗಿಸಿದಿರಿ?

ನಮ್ಮ ಮನೆತನದ ಪದ್ಧತಿ ನಿಮಗೆ ಗೊತ್ತಿದೆ. ಕಟ್ಟಿದವನು ಬಿಚ್ಚುವಂತಿಲ್ಲ. ನಲವತ್ತು ದಿನವಾದ ಮೇಲೆ ನೀವೇ ಮನೆಯಲ್ಲಿ ಕಟ್ಟು ಬಿಚ್ಚಿ, ಬಿದಿರಿನ ದಬ್ಬೆಗಳನ್ನು ತೆಂಗಿನಕಾಯಿಯ ಜೊತೆ ನನ್ನ ಹೊಸ್ತಿಲಲ್ಲಿ ಇಟ್ಟು ಹೋಗಬೇಕು. ಬಿಚ್ಚಿದ ಕೈಯ ಸುದ್ದಿ ಎತ್ತಿದರೆ ಕಟ್ಟಿದವನ ಕೈಗುಣ ಕೆಡುತ್ತದೆ ಎಂದು ನನ್ನಪ್ಪ ಹೇಳುತ್ತಿದ್ದ. ಹಾಗಾಗಿ ನಾನು ಕೇಳಲಿಲ್ಲ, ನೀವು ಹೇಳಲಿಲ್ಲ. ದಬ್ಬೆ ಬಂತೆಂದರೆ ಗುಣವಾಯಿತು ಎಂದುಕೊಂಡು ಜಂತಿಗೆ ಸಿಕ್ಕಿಸಿದೆ. ಮಲಗಿದಾಗ ಅವನ್ನೇ ನೋಡಿ ಹಿಗ್ಗುತ್ತಿದ್ದೆ.

ಕಲಘಟಗಿಯಲ್ಲಿ ತೊಟ್ಟಿಲು ಮಾಡುವವರೂ ಕೊಡುವ ಮೊದಲು ಒಮ್ಮೆ ತೂಗಿ ನೋಡುತ್ತಾರೆ. ನಾನು ನೋಡಲಿಲ್ಲ.

ಎರಡು ವರ್ಷದ ಹಿಂದೆ ಈಕೆ ವಹಿ ಹಿಡಿದು ನಮ್ಮ ಮನೆಗೆ ಬಂದಳು. “ಕಾಕಾ, ನೀವು ಕಟ್ಟಿದವರ ಹೆಸರು ಹೇಳ್ರಿ” ಎಂದಳು. “ಬರಕೋ ಯವ್ವಾ, ಜಂತಿ ತುಂಬೇತಿ ನೋಡು” ಎಂದೆ. ಒಂದೊಂದು ದಬ್ಬೆ ತೋರಿಸಿ ಹೆಸರು ಹೇಳಿದೆ. ನನ್ನ ಹೆಸರು ಈಕೆ ಓದುತ್ತಿದ್ದ ಮುಂಬೈವರೆಗೆ ಹೋಗುತ್ತದೆ ಎಂದು ಅಂದು ಸಿಹಿ ಸಜ್ಜಕವನ್ನೂ ಮಾಡಿಸಿದೆ. ಈಕೆ ಆ ಮನೆಗಳಿಗೆಲ್ಲ ಹೋಗಿ ಕೈಕಾಲು ಅಳೆದು ಬಂದಿದ್ದಾಳೆ.

ಇನ್ನೊಂದು ಮಾತಿದೆ. ಇದನ್ನು ಹೇಳಬೇಕೆಂದು ಬಂದವನಲ್ಲ.

ನನ್ನ ಕಟ್ಟು ಬಿಚ್ಚಿದ ಮರುವರ್ಷ, ಈಕೆಗೆ ಒಂಬತ್ತು ವರ್ಷವಿದ್ದಾಗ, ನಮ್ಮ ಮಗಳು ನೀಲಕ್ಕನ ಮದುವೆಯ ಊಟಕ್ಕೆ ಬಂದಿದ್ದಳು. ಪಂಕ್ತಿಯಲ್ಲಿ ಕುಳಿತು ಎಡಗೈಯಲ್ಲಿ ಉಣ್ಣುತ್ತಿದ್ದಳು. ನಾನೇ ಹೋಗಿ ಗದರಿಸಿದೆ. “ಎಡಗೈಲೆ ಉಣ್ತಿಯಲ್ಲಬೇ, ನಾಚಿಕಿ ಬರೂದಿಲ್ಲೇನು? ಏಳು ಮ್ಯಾಲೆ!” ಎಂದು ಎಲೆಯ ಮುಂದಿನಿಂದ ಎಬ್ಬಿಸಿದೆ. ಅವಳ ತಾಯಿ ಸಣ್ಣವ್ವ ಅಲ್ಲೇ ನಿಂತಿದ್ದಳು. ಒಂದು ಮಾತನ್ನೂ ಆಡದೆ ಮಗಳನ್ನು ಕರೆದುಕೊಂಡು ಹೋದಳು.

ಈಗ ಶಾಲು ಹೊದಿಸುವಾಗ ನೋಡಿದೆ. ಕೈ ಮುಗಿಯಲು ಹೋದ ಈಕೆಯ ಬಲಗೈ ಅರ್ಧಕ್ಕೇ ನಿಂತಿತು. ಹುಬ್ಬಳ್ಳಿಯಲ್ಲಿ ಫಿಜಿಯೋಥೆರಪಿ ಮಾಡುವ ಒಬ್ಬ ಹೆಣ್ಣುಮಗಳು ಐದು ವರ್ಷ ತಿದ್ದಿದ ಮೇಲೆ ಅಷ್ಟು ಮಡಚುತ್ತದಂತೆ. ಹಾಗಾದರೆ ಅಂದು, ಆ ಊಟದ ದಿನ, ಅದು ಬಾಯಿಗೆ ಮುಟ್ಟುತ್ತಲೇ ಇರಲಿಲ್ಲ. ಮೊಣಕೈ ಮಡಚದಂತೆ ನೆಟ್ಟಗೆ ಕಟ್ಟಿದವನು ನಾನು. ಹಸಿದ ಕೂಸನ್ನು ಎಬ್ಬಿಸಿದವನೂ ನಾನು. ನನ್ನ ಕೈಗುಣ ಕೆಡಬಾರದೆಂದು ಸಣ್ಣವ್ವ ಸುಮ್ಮನಿದ್ದಳು. ಅಯ್ಯೋ, ಅವಳು ಯಾಕೆ ನನ್ನ ಕಪಾಳಕ್ಕೆ ಹೊಡೆಯಲಿಲ್ಲ?

ನಾನು ಕಟ್ಟಿದವರು ಇಲ್ಲಿ ಎಷ್ಟು ಜನ ಇದ್ದೀರಿ? ಕೈ ಎತ್ತಿ... ಬೇಡ, ಎತ್ತಬೇಡಿ.

ಯವ್ವಾ ಮೈಲಾರವ್ವ, ನಾಳೆ ಮುಂಜಾನೆ ಆ ನಲವತ್ತೊಂದು ಮನಿಗೆ ನನ್ನ ಕರಕೊಂಡು ಹೋಗು. ನಾನೂ ನೋಡಬೇಕು.

ಮಾತಾಡಲು ಕರೆದ ಅಧ್ಯಕ್ಷರಿಗೆ, ಕೇಳಿದ ನಿಮಗೆ ಉಪಕಾರ ಹೇಳುತ್ತೇನೆ. ತಿರುಗಿ ಯಾರೂ ಕೈ ಮುಗಿಯಬೇಡಿ. ಯಾರ ಕೈ ಕೂಡುತ್ತದೆ, ಯಾರದು ಕೂಡುವುದಿಲ್ಲ, ನನಗೆ ಗೊತ್ತಿಲ್ಲ. ನಾನೊಬ್ಬನೇ ಮುಗಿಯುತ್ತೇನೆ. ನಮಸ್ಕಾರ.