ಆ ಜಾಗ ನಂದು

ನಗೋರು ಈಗಲೇ ಎದ್ದು ಹೋಗಿ. ಇದು ನಡೆದದ್ದು ನನ್ನ ಒಡಹುಟ್ಟಿದ ಅಕ್ಕ ನೊಯ್ಲೀನ್‌ಗೆ. ಕಾರಣ ಅವಳ ಗಂಡ, ನಮ್ಮ ಭಾವ ಮರ್ವಿನ್. ಆ ಮನುಷ್ಯನ ಹೆಸರೆತ್ತಿದರೆ ಇವತ್ತಿಗೂ ಮೈ ಉರಿಯುತ್ತೆ ನನಗೆ.

ಹೊಕಿಟಿಕಾ ಊರಿನಿಂದ ಕೆಳಗೆ, ಕಡಲ ದಂಡೆಯಲ್ಲಿ, ವ್ಯಾನು ನಿಲ್ಲಿಸಿ ಉಳ್ಕೊಳ್ಳೋಕೆ ಒಂದು ಬಯಲಿದೆ. ಯಾರು ಮೊದಲು ಬಂದರೋ ಜಾಗ ಅವರದು. ವ್ಯಾನಿನೋರು ಈ ಜಾಗಕ್ಕೋಸ್ಕರ ಹೆಂಗೆ ಕಿತ್ತಾಡ್ತಾರೆ ಅಂತ ನಿಮಗೇನು ಹೊಸದಾಗಿ ಹೇಳಬೇಕಾ? ಜುಲೈ ತಿಂಗಳು, ನಮ್ಮ ಕಡೆ ಕಡು ಚಳಿಗಾಲ. ರೇಡಿಯೊದಲ್ಲಿ ಬಿರುಗಾಳಿ ಬರುತ್ತೆ ಅಂದರು. ಊರವರೆಲ್ಲ ಬಾಗಿಲು ಭದ್ರ ಮಾಡ್ಕೊಳ್ತಿದ್ದಾಗ ಇವರಿಬ್ಬರು ಮನೆ ಹಾಗಿರೋ ತಮ್ಮ ವ್ಯಾನು, ಆ ಮೋಟರ್‌ಹೋಮ್ ತಗೊಂಡು ಅಲ್ಲಿಗೆ ಹೊರಟರು. ಮರ್ವಿನ್‌ಗೆ ಅದೊಂದು ಚಟ. ಹೊರಗೆ ಗಾಳಿ ಮಳೆ ಬಡೀತಿರಬೇಕು, ಒಳಗೆ ಇವನು ಹೀಟರ್ ಹಾಕ್ಕೊಂಡು, ಕಾಲು ಚಾಚಿ, ಬಿಸಿ ಪೈ ತಿಂತಾ ಅಲೆ ನೋಡಬೇಕು. ಅದರಲ್ಲಿ ತಪ್ಪಿಲ್ಲ ಬಿಡಿ. ಕಂಬಳಿ ಹೊದ್ದು, ತಲೆ ಮೇಲೆ ಮಳೆ ಸದ್ದು ಕೇಳ್ತಾ ಕೂರೋ ಸುಖ ನನಗೂ ಗೊತ್ತು.

ಆದರೆ ವ್ಯಾನಿನ ಮೂತಿ ಗಾಳಿಗೆ ಕೊಡಬೇಕು. ಪಕ್ಕೆ ಕೊಡಬಾರದು. ಕೊಟ್ಟರೆ ಮಗುಚುತ್ತೆ. ಇವನು ಪಕ್ಕೆ ಕೊಟ್ಟು ನಿಲ್ಲಿಸಿದ್ದ, ಯಾಕಂದ್ರೆ ದೊಡ್ಡ ಕಿಟಕಿ ಇರೋದು ಆ ಕಡೆ. ನಾನು ಫೋನ್ ಮಾಡಿ ಬೈದೆ. ಮೂವತ್ತು ವರ್ಷದಿಂದ ನಮ್ಮೂರ ಫೈರ್ ಬ್ರಿಗೇಡಿನಲ್ಲಿದ್ದೀನಿ, ಮಗುಚಿದ ಗಾಡಿ ಎಷ್ಟು ನೋಡಿಲ್ಲ? ಅದಕ್ಕವನು ಹೇಳಿದ್ದು, ಸಿನಿಮಾಗೆ ಹೋಗಿ ಪರದೆಗೆ ಬೆನ್ನು ಹಾಕ್ಕೊಂಡು ಕೂರ್ತಾರೇನೋ ಅಂತ. ಹಿಂದೆ ಅಕ್ಕನ ದನಿ ಕೇಳಿಸ್ತು. ತಿರುಗಿಸಿ ನಿಲ್ಲಿಸ್ರೀ ಅಂತಿದ್ದಳು.

ಮಧ್ಯಾಹ್ನ ಮೂರಕ್ಕೇ ಕತ್ತಲು. ಗಾಳಿ ಊಂ... ಅಂತ ಒಂದೇ ಸಮ. ಕಪಾಟಿನೊಳಗೆ ಬಟ್ಟಲುಗಳು ಕಿಣಿಕಿಣಿ. ಅಕ್ಕ ಡ್ರೈವರ್ ಪಕ್ಕದ ಸೀಟನ್ನ ಒಳಮುಖ ತಿರುಗಿಸಿಕೊಂಡು ಟೀ ಹಿಡಿದು ಕೂತಿದ್ದಳು.

ಠಕ್... ಠಕ್.

ಬಾಗಿಲು. ಮರ್ವಿನ್ ಗೊಣಗುತ್ತಾ ನಾಲ್ಕು ಬೆರಳಗಲ ತೆಗೆದ. ಹೊರಗೆ ರೇನ್‌ಕೋಟಿನ ಟೋಪಿ ಎಳೆದುಕೊಂಡ ಒಬ್ಬ ಹೆಂಗಸು. ಅವಳು ಮರ್ವಿನ್ ಮುಖ ನೋಡಲೇ ಇಲ್ಲವಂತೆ. ಅವನ ಭುಜದಾಚೆ ಅಕ್ಕನನ್ನೇ ನೋಡುತ್ತಾ, ಪಿಸುದನಿಯಲ್ಲಿ,

"ಆ ಜಾಗ ನಂದು," ಅಂದಳು.

ಅಷ್ಟೇ. ಅಂಥ ಗಾಳಿಯಲ್ಲೂ ಕಿವಿ ಹತ್ತಿರ ಹೇಳಿದ ಹಾಗೆ ಕೇಳಿಸ್ತಂತೆ ಅಕ್ಕನಿಗೆ.

ಮರ್ವಿನ್‌ಗೆ ಪಿತ್ತ ನೆತ್ತಿಗೇರಿತು. ವ್ಯಾನಿನೋರ ಬುದ್ಧಿ ಎಲ್ಲಿ ಹೋಗುತ್ತೆ? ನಾವು ಬೆಳಿಗ್ಗೇನೇ ಬಂದಿದ್ದೀವಿ, ಬಯಲು ಪೂರ್ತಿ ಖಾಲಿ ಬಿದ್ದಿದೆ, ಬೇರೆ ಕಡೆ ಸಾಯಿ ಹೋಗು ಅಂತ ಬೈದು, ದಡ್ ಅಂತ ಬಾಗಿಲು ಹಾಕಿದ. ಮತ್ತೆ ಠಕ್ ಠಕ್. ಇವನು ರೇಡಿಯೊ ಜೋರು ಮಾಡಿದ.

ನಮ್ಮಕ್ಕ ನಲವತ್ತು ವರ್ಷ ಅವನ ಮಾತು ನುಂಗಿಕೊಂಡು ಬಂದವಳು. ಅವತ್ತು ತಡೀಲಿಲ್ಲ. ಟೀ ಬಟ್ಟಲು ಕುಕ್ಕಿದಳು.

"ಈ ಮಳೇಲಿ ನಾಯೀನೂ ಹೊರಗೆ ಬಿಡಲ್ಲ ಮರ್ವಿನ್. ನಾನು ಅವಳನ್ನ ಕರ್ಕೊಂಡು ಬರ್ತೀನಿ. ನಿನ್ನ ಸಮುದ್ರ ನೀನೇ ನೋಡ್ಕೊಂಡು ಕೂತಿರು."

ಕೋಟು ಸಿಕ್ಕಿಸಿಕೊಂಡು ಇಳಿದಳು. ಹೆಂಗಸು ಕಾಣಲಿಲ್ಲ. ಶೌಚಾಲಯದ ಕಟ್ಟಡದ ಮರೆಗೆ ನಿಂತಿರಬಹುದು ಅಂತ ಅಲ್ಲಿಗೆ ಓಡಿದಳು. ಅಲ್ಲೂ ಯಾರೂ ಇಲ್ಲ. ತಿರುಗಿ ನೋಡ್ತಾಳೆ... ವ್ಯಾನಿನ ಒಂದು ಕಡೆಯ ಚಕ್ರಗಳು ನೆಲ ಬಿಟ್ಟಿವೆ. ಒಂದು ಗಳಿಗೆ ಹಾಗೇ ನಿಂತಿತ್ತಂತೆ. ಆಮೇಲೆ ಧಡಲ್ ಅಂತ ಮಗುಚಿತು.

ಅವಳ ಫೋನ್ ಬಂದಾಗ ನಾನು ಸ್ಟೇಷನ್ನಿನಲ್ಲೇ ಇದ್ದೆ. ನಾಲ್ಕು ಜನ ಹೋದೆವು. ವ್ಯಾನು ಪಕ್ಕಕ್ಕೆ ಮಲಗಿತ್ತು. ಮುಂಭಾಗ ಬಂಡೆಗೆ ಬಡಿದು ಜಜ್ಜಿಹೋಗಿತ್ತು. ಮರ್ವಿನ್ ಹಿಂದುಗಡೆ ಮೇಜಿನ ಕೆಳಗೆ ಸಿಕ್ಕಿಕೊಂಡು, ಸೊಂಟ ಮುರಿದು, ಕಿರುಚ್ತಾ ಇದ್ದ.

"ನನ್ನ ಬಿಡೋ. ಮೊದಲು ಅವಳನ್ನ ತೆಗಿ. ಮುಂದಿನ ಸೀಟಲ್ಲಿದ್ದಾಳೆ."

ಅಕ್ಕ ನನ್ನ ಪಕ್ಕದಲ್ಲೇ ನಿಂತಿದ್ದಳು. ಚಳಿಗೆ ಹಲ್ಲು ಕಟಕಟ ಅಂತಿತ್ತು.

ಅವನ ಪ್ರಕಾರ ಅಕ್ಕ ಇಳಿದು ಎರಡೇ ನಿಮಿಷಕ್ಕೆ ವಾಪಸು ಬಂದಳು. ಇವನು ಅಲೆ ನೋಡ್ತಿದ್ದ, ತಿರುಗಲಿಲ್ಲ. ಒದ್ದೆ ಕೋಟಿನ ಸರಬರ ಕೇಳಿಸ್ತು. ಸಿಕ್ಕಿದ್ಲಾ ನಿನ್ನ ಗೆಳತಿ ಅಂತ ಚುಚ್ಚಿದ. ಸೀಟು ಕಿರ್ ಅಂತ ಮುಂದಕ್ಕೆ ತಿರುಗಿತು. ಆಮೇಲೆ ಟಕ್ ಅಂತ ಒಂದು ಸದ್ದು. ನಿಂತ ಗಾಡೀಲಿ ಬೆಲ್ಟ್ ಯಾಕೆ ಹಾಕ್ಕೊಳ್ತಾಳೆ ಈ ಹುಚ್ಚಿ ಅಂತ ನಗು ಬಂತಂತೆ ಅವನಿಗೆ. ಅಷ್ಟರಲ್ಲಿ ಗಾಳಿ ಎತ್ತಿತು.

ಏಟು ಬಿದ್ದು ತಲೆ ಕೆಟ್ಟಿದೆ ಅಂದರು ನನ್ನ ಜೊತೆಯವರು. ನಾನೂ ಹಾಗೇ ಅಂದುಕೊಂಡೆ. ಅವನ ಮೇಲಿನ ಸಿಟ್ಟಿಗೆ, ಹೆಂಡತಿ ವಾಪಸು ಬಂದಳೋ ಇಲ್ಲವೋ ಅನ್ನೋದೂ ಗೊತ್ತಾಗದ ಕುರುಡ ಅಂತ ಮನಸ್ಸಲ್ಲೇ ಉಗಿದೆ.

ಅವನ ಹತ್ತಿರ ಹೋಗೋಕೆ ಒಡೆದ ಮುಂದಿನ ಗಾಜಿನಿಂದ ನುಸುಳಬೇಕಿತ್ತು. ನುಸುಳಿದೆ. ಟಾರ್ಚ್ ಹಾಕಿದೆ. ಅಕ್ಕ ಕೂತಿದ್ದ ಆ ಸೀಟಿನ ಕಡೆ ಬಾಗಿಲು ಒಳಕ್ಕೆ ನುಗ್ಗಿತ್ತು. ಕೂತವರು ಯಾರೂ ಉಳಿಯೋ ಹಾಗಿರಲಿಲ್ಲ. ಸೀಟು ಖಾಲಿ. ಬೆಲ್ಟ್ ಮಾತ್ರ ಹಾಕಿತ್ತು... ಸೀಟಿಗೆ ಅಂಟಿಕೊಂಡೂ ಇರಲಿಲ್ಲ, ಜೋತೂ ಬಿದ್ದಿರಲಿಲ್ಲ. ಸೀಟಿನಿಂದ ಒಂದು ಗೇಣು ಮುಂದೆ, ಯಾರನ್ನೋ ಹಿಡಿದಿಟ್ಟ ಹಾಗೆ ಬಿಗಿಯಾಗಿ, ಉಬ್ಬಿ ನಿಂತಿತ್ತು.

ದಾರಿಗೆ ಅಡ್ಡ ಇತ್ತು, ಅದಕ್ಕೆ ಕೊಯ್ದೆ. ಇದು ಯಾರೋ ಹೇಳಿ ನಾನು ಕೇಳಿದ್ದಲ್ಲ. ಕೊಯ್ದವನು ನಾನೇ.