ಜುಮಾನ ಟ್ರಂಕು, ನನ್ನ ಸಹಿ

...ಅಲ್ಲಾ, ಅಜ್ಜ ಯಾವಾಗ ನೋಡಿದ್ರೂ ನಗತಾನ, ಸಿಟ್ಟೇ ಬರಂಗಿಲ್ಲ ಅಂತೀರಲಾ, ಅದು ಅರ್ಧಾ ಖರೆ. ರಿಟೈರ್ ಆದ ಮ್ಯಾಲೆ ನನಗ ಭಾಳ ಸುಖ ಬಂದದ, ಚಹಾ ಕೊಟ್ರೂ ನಗತೀನಿ, ಕೊಡದಿದ್ರೂ ನಗತೀನಿ. ಆದ್ರ ಜುಮಾನ ಟ್ರಂಕಿನ ಮಾತು ಬಂತಂದ್ರ ಇವತ್ತಿಗೂ ಮೈ ಉರೀತದ. ಮೊದಲು ಆ ಮ್ಯಾನೇಜರನ ಮ್ಯಾಲೆ, ಆಮ್ಯಾಲೆ ನನ್ನ ಮ್ಯಾಲೆ. ಅಲ್ಲಲ್ಲ, ಮೊದಲು ನನ್ನ ಮ್ಯಾಲೇ.

ಒಮಾನ್ ದೇಶದ ಸಲಾಲಾದಾಗಿದ್ದೆ ಆಗ, ಬಂದರಿನ ಹತ್ರ ಒಂದು ಕಂಪನಿ, ಎರಡು ಸಾವಿರದ ಆರೋ ಏಳೋ, ನಿಮ್ಮಪ್ಪಗ ಇನ್ನೂ ಲಗ್ನ ಆಗಿರಲಿಲ್ಲ, ಹಂಗಾದ್ರ ಆರೇ ಇರಬೇಕು. ನಾನು ಡಾಕ್ಯುಮೆಂಟ್ ಕಂಟ್ರೋಲರ್, ಅಂದ್ರ ಕಂಪನಿಯೊಳಗ ಬಂದ ಪ್ರತಿ ಕಾಗದಕ್ಕ ನಂಬರ್ ಹಾಕೋದು, ನಂಬರ್ ಇಲ್ಲದ್ದನ್ನ ಸಹಿ ಹಾಕಿ ರದ್ದಿಗೆ ಕಳಸೋದು. ಧಾರವಾಡದಾಗ ಎಂ.ಎ. ಇತಿಹಾಸ ಓದಿ ಮಾಡಿದ ಕೆಲಸ ಇದು ನೋಡ್ರಿ. ಜುಮಾ ನಮ್ಮ ಸ್ಟೋರ್ ನೋಡಕೋತಿದ್ದ. ಒಮಾನಿನವನೇ, ಆದ್ರ ಆಫ್ರಿಕಾ ಕಡೆ ಹುಟ್ಟಿ ಬೆಳೆದ ಕಪ್ಪು ಮನಿಷಾ, ಅರವತ್ತರ ಹತ್ರ ವಯಸ್ಸು, ಅಲ್ಲಿ ಗುಜರಾತಿ ಅಂಗಡಿಯವರ ಕೂಡ ಕಲಿತ ಹಿಂದಿ ನನಗಿಂತ ಚೊಲೋ ಮಾತಾಡ್ತಿದ್ದ. ಹರೇದಾಗ ಆಫ್ರಿಕಾದ ದಾರೆಸ್ಸಲಾಮ್ ಊರಿನ ಒಂದು ಪ್ರೆಸ್ಸಿನಾಗ ಅಚ್ಚಿನ ಮೊಳಿ ಜೋಡಸ್ತಿದ್ದನಂತ. ಅದರ ದಕ್ಷಿಣಕ್ಕಿರೋ ದೇಶದಾಗೆಲ್ಲಾ ಆಗ ಬಿಳಿಯರ ಆಳಿಕಿ ಇತ್ತಲಾ, ಅದರ ವಿರುದ್ಧ ಹೋರಾಡೋ ಕಪ್ಪು ಜನ ದಾಟಿ ಬಂದು ಆ ಪ್ರೆಸ್ಸಿನಾಗೇ ಕರಪತ್ರ, ಪೋಸ್ಟರ್, ಪತ್ರಿಕೆ ಎಲ್ಲಾ ಅಚ್ಚು ಹಾಕಿಸ್ತಿದ್ರಂತ. ಜುಮಾ ಪ್ರತಿಯೊಂದರದೂ ಒಂದೊಂದು ಪ್ರತಿ ತಗದಿಟ್ಟಿದ್ದ. ಎರಡು ಕಬ್ಬಿಣದ ಟ್ರಂಕು ತುಂಬ. ಮನಿ ಮಾಡು ಸೋರತದ ಅಂತ ಕಂಪನಿ ಸ್ಟೋರಿನ ಮೂಲ್ಯಾಗ ಇಟ್ಟಿದ್ದ. ಅದೇ ಹೋರಾಟದ ಕಾಗದ ಕಾಪಾಡೋ ಆರ್ಕೈವ್ಸಿನವರು ದಕ್ಷಿಣ ಆಫ್ರಿಕಾದಿಂದ ಬಂದು ಒಯ್ತೀವಿ ಅಂತ ಪತ್ರ ಬರದಿದ್ರು. ನನಗ ಆ ಪತ್ರ ತೋರಿಸಿದ್ದ, ನಾ ಹೂಂ ಹೂಂ ಅಂದು ಮರತಬಿಟ್ಟಿದ್ದೆ.

ಮರತದ್ದು ಯಾಕ? ಅದನ್ನ ಹೇಳಾಕ ನಾಚಿಕಿ ಬರತದ, ಆದ್ರ ಹೇಳತೀನಿ. ಮೆಸ್ಸಿನಾಗ ಊಟಕ್ಕ ಕುಂತಾಗ ನಮ್ಮ ಮ್ಯಾನೇಜರ್, ನಮ್ಮ ಕಡೆಯವನೇ, ಜುಮಾ ಎದ್ದು ಹೋದ ಕೂಡಲೇ 'ಕಾಲಿಯಾ ಹೋದ, ಲೈಟ್ ಹಚ್ಚಿದಂಗಾತು' ಅಂತಿದ್ದ. ಅವನ ಮೈಬಣ್ಣ ಏನ್ ಹಾಲಿನಂಗಿತ್ತೇನು? ನಂದೇನು ಬೆಣ್ಣಿ ಇತ್ತೇನು? ಎಲ್ಲಾರೂ ನಗತಿದ್ವಿ. ನಾನೂ ನಕ್ಕೀನಿ. ಒಬ್ಬನ್ನ ನೋಡಿ ಹಂಗ ನಗೂದು ಕಲತಮ್ಯಾಲೆ ಅವನ ಟ್ರಂಕಿನಾಗ ಇತಿಹಾಸ ಇದ್ದೀತು ಅಂತ ತಲ್ಯಾಗ ಬರಂಗೇ ಇಲ್ಲ, ತಿಳೀತಾ?

ಜುಮಾ ಕಣ್ಣಿನ ಪೊರೆ ತಗಸಾಕ ಮಸ್ಕತ್ತಿಗೆ ಹೋದ. ಇಲ್ಲೆ ಖರೀಫ್, ಅಂದ್ರ ಸಲಾಲಾದ ಜಿಟಿಜಿಟಿ ಮಳಿಗಾಲ, ದಿನಾ ಮಂಜು, ಬಿಸಿಲಿನ ಮುಖನೇ ಇಲ್ಲ. ಅದೇ ವಾರ ಸ್ಟೋರ್ ಹೊಸಾ ಕಟ್ಟಡಕ್ಕ ಹೋಗೂದಿತ್ತು. ಮ್ಯಾನೇಜರ್ ಒಂದು ರದ್ದಿ ಫಾರ್ಮ್ ಕಳಿಸಿದ: ಎರಡು ಟ್ರಂಕು, ಹಳೇ ಕಾಗದ, ನಂಬರ್ ಇಲ್ಲ. ನಾ ಕುರ್ಚಿ ಬಿಟ್ಟು ಏಳಲಿಲ್ಲ, ಮುಚ್ಚಳ ತಗದು ನೋಡಲಿಲ್ಲ, ಸಹಿ ಹಾಕಿದೆ. ನಂಬರ್ ಇಲ್ಲ ಅಂದ್ರ ನನ್ನ ಪಾಲಿಗೆ ಅದು ಕಾಗದನೇ ಅಲ್ಲ. ಒಯ್ದು ಅಂಗಳದಾಗ ಇಟ್ರು. ರದ್ದಿ ಲಾರಿ ಬರೋದು ತಡ ಆತು, ಆರು ದಿನ ಮಳ್ಯಾಗ ನಿಂತವು.

ಏಳನೇ ದಿನ ಜುಮಾ ಬಂದ, ಕಣ್ಣಿಗೆ ಕಪ್ಪು ಚಸ್ಮಾ. ನನ್ನ ಟೇಬಲ್ಲಿಗೆ ಬಂದು ಆ ಫಾರ್ಮ್ ಇಟ್ಟ. ಒದರಲಿಲ್ಲ, ಬೈಲಿಲ್ಲ.

'ಇದು ನಿಂದೇ ಸಹಿನಾ?' ಅಂದ.

'ಹೌದು.'

'ನೀ ಇತಿಹಾಸ ಓದೀದಿ ಅಂತಿದ್ದಿ.'

ಅಷ್ಟೇ. ಕಪಾಳಕ್ಕ ಹೊಡದಿದ್ರ ಹಗುರಾಗತಿತ್ತು. ಇಬ್ಬರೂ ಮ್ಯಾನೇಜರನ ಕಡೆ ಹೋದ್ವಿ. ಅವಾ ಕುರ್ಚಿ ತಿರುಗಿಸಿಕೋತ, ಹಳೇ ಪೇಪರಿಗೆ ಯಾಕಿಷ್ಟು ರಂಪ ಮಾರಾಯಾ, ಖಲಾಸ್, ಇಂಥಾ ಜನರದೇನ್ ಇತಿಹಾಸ ಇರತದ ಅಂದ. ಕನ್ನಡದಾಗ ಅಂದ, ಜುಮಾಗ ತಿಳೀಬಾರದು ಅಂತ. ನಾ ಅದನ್ನ ಅಕ್ಷರ ಬಿಡದಂಗ ಹಿಂದಿಯೊಳಗ ಜುಮಾಗ ಹೇಳಿಬಿಟ್ಟೆ, ಮ್ಯಾನೇಜರನ ಮುಂದೇ. ಮ್ಯಾನೇಜರನ ಮುಖ ಬೂದಿ ಆತು. ಮುಂದ ಎರಡು ವರ್ಷ ನನಗ ಬಡ್ತಿ ಇಲ್ಲ, ಇರಲಿ, ಸುಡಗಾಡಿಗೆ ಹೋಗಲಿ.

ಟ್ರಂಕು ನಮ್ಮ ಮನಿಗೆ ತಂದ್ವಿ, ನಿಮ್ಮಜ್ಜೀನೂ ಆಗ ನನ್ನ ಕೂಡ ಅಲ್ಲೇ ಇದ್ಲು. ಮುಚ್ಚಳ ತಗದ್ರ ಕಾಗದ ಎಲ್ಲಾ ಒಂದಕ್ಕೊಂದು ಅಂಟಿ ತೊಯ್ದ ರೊಟ್ಟಿಯಂಗ ಆಗ್ಯಾವ, ವಾಸನಿ ಬೇರೆ. ನಾ ಬಿಡಸಾಕ ಹೋದೆ, ನಿಮ್ಮಜ್ಜಿ ಕೈ ಹಿಡದ್ಲು. 'ಹಸೀ ಇದ್ದಾಗ ಕಿತ್ರ ಹರೀತಾವ, ಹಪ್ಪಳ ಗೊತ್ತಿಲ್ಲೇನು ನಿಮಗ? ಅರ್ಧಾ ಒಣಗಿದ ಮ್ಯಾಲೆ ಎಬ್ಬಿಸಬೇಕು' ಅಂದ್ಲು. ಒಣಗಸೂದೆಲ್ಲಿ, ಬಿಸಿಲೇ ಇಲ್ಲ ಊರಾಗ. ಆಗ ಜುಮಾ, ಗುಡ್ಡ ದಾಟೂಣು ಅಂದ. ತುಮ್ರೈತ್ ರಸ್ತಾ ಹಿಡದು ಗುಡ್ಡ ಏರಿದ್ರ ಮ್ಯಾಲೆ ಮಂಜು ಕತ್ತರಿಸಿದಂಗ ನಿಲ್ಲತದ, ಆಚೆ ಸುಡೋ ಮರಳು. ಅಲ್ಲೆ ರಸ್ತಾದ ಬಾಜೂ ನಿಮ್ಮಜ್ಜಿ ತನ್ನ ಹತ್ತು ನೂಲಿನ ಸೀರಿ ಹಾಸಿದ್ಲು, ಇಳಕಲ್ ಸೀರೀನೂ ಬಿಡಲಿಲ್ಲ, ಅಂಚಿಗೆಲ್ಲಾ ಕಲ್ಲು. ನೇರ ಬಿಸಿಲಿಗೆ ಬಣ್ಣ ಹೋಗತದ ಅಂತ ಮ್ಯಾಲೊಂದು ತೆಳು ಸೀರಿ ಹೊಚ್ಚಿದ್ಲು. ಸಂಡಿಗಿ ಕಾಯೋಹಂಗ ಮೂರು ಶುಕ್ರವಾರ, ಅಲ್ಲೆ ಅದೇ ಸೂಟಿ ದಿನ, ಕಾದ್ವಿ. ಹೋಗೋ ಬರೋ ಲಾರಿಯವರು ನಿಂದರಿಸಿ ಏನ್ ಮಾರ್ತೀರಿ ಅಂತ ಕೇಳತಿದ್ರು. ಪೋಸ್ಟರ್ ಉಳದವು, ಪತ್ರಿಕೆ ಉಳದವು, ಅಚ್ಚಿನ ಮಸಿ ಗಟ್ಟಿ.

ಉಳೀಲಾರದ್ದು ಒಂದು ನೋಟ್‌ಬುಕ್. ಜುಮಾನ ಜೀವ ಇದ್ದದ್ದೇ ಅದರಾಗ. ಪ್ರೆಸ್ಸಿಗೆ ಬರೋ ಹೋರಾಟಗಾರರಿಗೆಲ್ಲಾ ಸುಳ್ಳು ಹೆಸರು ಇರತಿದ್ವು, ಪೊಲೀಸರ ಕೈಗೆ ಸಿಗಬಾರದು ಅಂತ. ಜುಮಾ ಒಬ್ಬೊಬ್ಬರನ್ನೂ ಕೇಳಿ, ಖರೇ ಹೆಸರು, ತಾಯಿ ಹೆಸರು, ಊರು ಬರಕೊಂಡಿದ್ದ. ಗಡಿ ದಾಟಿ ಹೋಗಿ ಸತ್ರ ಆ ತಾಯಿಗೆ ಯಾರು ಹೇಳೋರು, ಅದಕ್ಕ. ನೀಲಿ ಮಸಿ, ಫೌಂಟನ್ ಪೆನ್ನು. ಕಡೀ ಪುಟಗಳೆಲ್ಲಾ ಬರೇ ನೀಲಿ ನೀರು. ಹನ್ನೊಂದು ಮಂದಿ ಹೆಸರು ಅದರಾಗ ಹೋದ್ವು. ನೆನಪಿಲ್ಲೇನು ಜುಮಾ ಅಂತ ಕೇಳಿದೆ. ಬಾಯಿಗೆ ಬರಬಾರದು ಅಂತ ಆಗಲೇ ಹಠಾ ಮಾಡಿ ಮರತಿದ್ದನಂತ, ಹೊಡೆತ ಬಿದ್ರೂ ಹೇಳಾಕಾಗಬಾರದು ಅಂತ. ಬರದಿಟ್ಟೀನಲ್ಲಾ ಅನ್ನೋ ಧೈರ್ಯದ ಮ್ಯಾಲೆ ಮರತಿದ್ದ. ಅವರ ದೇಶದ ಪೊಲೀಸರ ಕೈಲೆ ಅಳಸಾಕಾಗಲಾರದ್ದು ನನ್ನ ಒಂದು ಸಹಿಲೆ ಅಳಸಿ ಹೋತು.

ಚಳಿಗಾಲಕ್ಕ ಆರ್ಕೈವ್ಸಿನ ಹೆಣ್ಣುಮಗಳು ಬಂದ್ಲು, ಶಾಂತ ಸ್ವಭಾವದಾಕಿ, ಬಿಳೀ ಕೈಗವಸು ಹಾಕ್ಕೊಂಡು ಒಂದೊಂದೇ ಹಾಳಿ ಎತ್ತಿ ನೋಡಿದ್ಲು. ಆಮ್ಯಾಲೆ ಒಂದು ಫಾರ್ಮ್ ತಗದ್ಲು, ಅದರಾಗ ಒಂದು ಕಾಲಂ, ಹಾನಿಗೆ ಕಾರಣ ಏನು ಅಂತ. ಜುಮಾ ನನ್ನ ಕಡೆ ನೋಡಲಾರದೇ 'ಮಳಿ ಅಂತ ಬರಕೋ' ಅಂದ. ನನಗ ಎಲ್ಲಿ ಸಿಟ್ಟು ಬಂತೋ, ಅವನ ಮ್ಯಾಲೇ ಬಂತು. 'ಮಳಿ ಏನ್ ಮಾಡ್ಯದ? ಮಳಿ ಫಾರ್ಮಿಗೆ ಸಹಿ ಹಾಕಿತ್ತೇನು?' ಅಂದು ಪೆನ್ ಕಸಕೊಂಡೆ. ನೋಡದೇ ರದ್ದಿಗೆ ಕಳಸಿದ್ದು ಅಂತ ಬರದೆ, ಕೆಳಗ ನನ್ನ ಪೂರ್ತಿ ಹೆಸರು, ತಂದಿ ಹೆಸರು, ಊರು ಬರದೆ. ಈಗ ಆ ಆರ್ಕೈವ್ಸಿನಾಗ ನಿಮ್ಮಜ್ಜನ ಹೆಸರು ಅದ, ಯಾರರೆ ಹೋದ್ರ ನೋಡಬಹುದು.

ಅದಕ್ಕ ಹೇಳತೀನಿ, ನಿಮ್ಮ ಕೈಲೆ ಕೆಟ್ಟದ್ದು ನಿಮ್ಮ ಕೈಲೆ ಕೆಟ್ಟದ್ದು ಅಂತನೇ ಬರೀರಿ, ಮಳಿ ಮ್ಯಾಲೆ ಹಾಕಬ್ಯಾಡ್ರಿ. ಏಳ್ರಿ ಈಗ, ಅನ್ನ ಆರತದ.